ಖಾಲಿ ಜಾಗದಲ್ಲಿ ‘ಪ’ ಕೂರಿಸಿದವರು

ಮಕ್ಕಳಿಗೆ ಶಾಲೆಯಲ್ಲಿ ಎರಡನೇ ಭಾಷೆ ಎಷ್ಟನೇ ಕ್ಲಾಸಿನಿಂದ ಶುರು ಮಾಡಬೇಕು ಅಂತ ಮೊನ್ನೆ ಯಾರೋ ಇಲ್ಲಿ ಕೇಳಿದ್ದರು. ಕೆಳಗೆ ಕಾಮೆಂಟುಗಳ ಜಾತ್ರೆ. ಎಲ್ಕೆಜಿಯಿಂದಲೇ ಬೇಕು ಅನ್ನುವವರು, ಐದನೇ ಕ್ಲಾಸಿನವರೆಗೆ ಮುಟ್ಟಲೇಬೇಡಿ ಅನ್ನುವವರು, ಇಬ್ಬರನ್ನೂ ಬಯ್ಯುವವರು. ನಾನು ಬಾಯಿ ಹಾಕಲಿಲ್ಲ. ಈ ವಿಷಯದಲ್ಲಿ ನನಗೆ ಅಭಿಪ್ರಾಯ ಅಂತ ಒಂದಿಲ್ಲ. ಗೊತ್ತಿರುವವರು ಒಬ್ಬರು ಇದ್ದಾರೆ.

ಇದ್ದರು ಅನ್ನಬೇಕು. ಹೋದ ವಾರ ನಮ್ಮ ಊರ ಕಡೆಯ ಗ್ರೂಪಿನಲ್ಲಿ ಮಾಲೆ ಹಾಕಿದ ಫೋಟೊ ಬಂತು. ಯಾರೋ ಮುದುಕಿ, ನನಗೇಕೆ ಅಂತ ಮುಂದಕ್ಕೆ ಸರಿಸಿದವಳು ವಾಪಸ್ ಬಂದೆ. ಆ ಮುಖದಲ್ಲಿ ನಾಲಿಗೆಯ ತುದಿ ಮೇಲಿನ ತುಟಿಗೆ ಒತ್ತಿಕೊಂಡಿತ್ತು. ಫೋಟೊ ತೆಗೆಯುವ ಗಳಿಗೆಯಲ್ಲೂ ಆಕೆ ಯಾವುದೋ ಪದ ಹುಡುಕುತ್ತಿದ್ದರು. ನಮ್ಮ ಟೀಚ್ರಮ್ಮನೇ.

ಹೆಸರು ಬರೆಯುವುದಿಲ್ಲ. ಆಗ ನಮಗೆ ಅವರ ಹೆಸರು ಗೊತ್ತೂ ಇರಲಿಲ್ಲ. ಊರಿಗೆಲ್ಲ ಒಬ್ಬರೇ ಟೀಚ್ರಮ್ಮ, ಹೆಸರು ಯಾರಿಗೆ ಬೇಕು?

ಎಪ್ಪತ್ತರ ದಶಕದ ಕೊನೆ. ಸೇಲಂ ಜಿಲ್ಲೆ, ಪಾಲಮಲೆಯ ಬುಡ, ಕೊಳತ್ತೂರಿನಿಂದ ನಡೆದು ಹೋಗುವಷ್ಟು ದೂರದಲ್ಲಿ ನಮ್ಮ ಹಳ್ಳಿ. ಸುತ್ತ ತಮಿಳು, ನಡುವೆ ಆಡು ಕುರಿ ಸಾಕಿಕೊಂಡು ಕನ್ನಡ ಮಾತಾಡುವ ಮೂವತ್ತು ಮನೆ. ಬೆಳಗ್ಗೆ ಮಲೆಯ ಮೇಲಿಂದ ಮಂಜು ಇಳಿಯುತ್ತಿತ್ತು. ಕುರಿ ಕೂಡುವ ರೊಪ್ಪದ ಬೇಲಿ, ಹುಣಸೆ ಮರ, ಅವ್ವನ ಸೀರೆಯ ಬಣ್ಣ ಎಲ್ಲ ಕರಗಿ, ಕುರಿಗಳ ಕೆಮ್ಮು ಮಾತ್ರ ಉಳಿಯುತ್ತಿತ್ತು. ನನ್ನ ಬಾಲ್ಯ ಅಂದರೆ ಇವತ್ತಿಗೂ ಹಾಗೇ ಕಾಣುತ್ತದೆ, ಮೊದಲು ಸದ್ದು, ಆಮೇಲೆ ನಿಧಾನಕ್ಕೆ ಆಕಾರ.

ಆರನೇ ವರ್ಷಕ್ಕೆ ನನ್ನನ್ನು ಕೆಳಗಿನ ಊರಿನ ಶಾಲೆಗೆ ಸೇರಿಸಿದ್ದರು. ಅಲ್ಲಿ ಮೊದಲ ದಿನದಿಂದಲೇ ತಮಿಳು. ತಪ್ಪು ಅಂತ ಹೇಳುತ್ತಿಲ್ಲ, ಆ ಮಕ್ಕಳಿಗೆಲ್ಲ ಅದು ಮನೆಯ ಮಾತು. ಅಜ್ಜಿಯ ಜೊತೆ ಆಡಿನ ಮರಿ ಕಾಯ್ದುಕೊಂಡು ಬೆಳೆದ ನನಗೆ ಮಾತ್ರ ಅದು ನೀರಿನೊಳಗೆ ಮುಳುಗಿ ಕೂತ ಹಾಗಿತ್ತು. ಮೇಲೆ ಯಾರೋ ಮಾತಾಡುತ್ತಾರೆ, ಬಾಯಿ ಅಲ್ಲಾಡುತ್ತದೆ, ಬುಳುಬುಳು ಅಂತ ಸದ್ದು ಬರುತ್ತದೆ. ಗೊತ್ತಿದ್ದ ಪದವೊಂದು ಮೀನಿನ ಹಾಗೆ ಹತ್ತಿರ ಬಂದು, ಹಿಡಿಯುವಷ್ಟರಲ್ಲಿ ಮಾಯ. ಒಂದು ವರ್ಷ ಪೂರ್ತಿ ನಾನು ಆ ಶಾಲೆಯಲ್ಲಿ ಬಾಯಿ ತೆರೆಯಲಿಲ್ಲ. ಒಂದಕ್ಕೆ ಹೋಗಬೇಕು ಅಂತ ಕೇಳಲೂ ಗೊತ್ತಾಗದೆ ಎರಡು ಸಲ ಕೂತಲ್ಲೇ ಮಾಡಿಕೊಂಡೆ. ‘ಊಮೆ’ ಅಂತ ಹೆಸರಿಟ್ಟರು. ಮೂಗಿ ಅಂತ. ಅದೊಂದು ತಮಿಳು ಪದ ಚೆನ್ನಾಗಿ ಕಲಿತೆ.

ಮಾರನೇ ವರ್ಷ ನಮ್ಮ ಹಳ್ಳಿಯಲ್ಲೇ ಒಂದು ಕೋಣೆಯ ಶಾಲೆ ಆಯಿತು. ಹರೂರಿನ ಕಡೆಯಿಂದ ಟೀಚ್ರಮ್ಮ ಬಂದರು, ತಗಡಿನ ಒಂದು ಪೆಟ್ಟಿಗೆ, ಒಂದು ಛತ್ರಿ. ಮೂವತ್ತು ದಾಟಿದ ವಯಸ್ಸು. ಅಪ್ಪಟ ತಮಿಳಿನವರು. ಕನ್ನಡದ ಒಂದಕ್ಷರ ಗೊತ್ತಿರಲಿಲ್ಲ.

ಅವರು ಮೊದಲ ವಾರ ಪಾಠವನ್ನೇ ಮಾಡಲಿಲ್ಲ. ಕೋಣೆಯ ಮಧ್ಯ ನೆಲದ ಮೇಲೆ ಕೂತು, ಎದುರಿಗಿದ್ದದ್ದನ್ನೆಲ್ಲ ಬೆರಳು ಮಾಡಿ ತೋರಿಸಿ, ಇದಕ್ಕೇನಂತೀರಿ ಅಂತ ಸನ್ನೆಯಲ್ಲೇ ಕೇಳುತ್ತಿದ್ದರು. ಬಾಗಿಲು. ಸೂರು. ಕಣ್ಣು. ನಾವು ಹೇಳಿದ್ದನ್ನು ಮೂರು ಸಲ ಹೇಳಿಕೊಳ್ಳುತ್ತಿದ್ದರು. ಪದ ಮರೆತುಹೋದರೆ ನಾಲಿಗೆ ತುದಿ ಮೇಲಿನ ತುಟಿಗೆ ಬರುತ್ತಿತ್ತು, ಕಣ್ಣು ಸೂರಿನ ಕಡೆಗೆ. ತಪ್ಪಾದರೆ ತಮ್ಮ ಕೆನ್ನೆಗೆ ತಾವೇ ಮೆಲ್ಲಗೆ ಹೊಡೆದುಕೊಳ್ಳುತ್ತಿದ್ದರು. ಒಬ್ಬ ಟೀಚರ್ ತನಗೆ ತಾನೇ ಹೊಡೆದುಕೊಳ್ಳುವುದನ್ನು ನಾವು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆವು.

ಮಕ್ಕಳ ಬಾಯಿಂದಲೇ ಕನ್ನಡ ಕಲಿತದ್ದರಿಂದ ಅವರಿಗೊಂದು ಎಡವಟ್ಟಾಯಿತು. ನಾವು ನಾವು ಮಾತಾಡಿಕೊಳ್ಳುವಾಗ ನೀವು ಬಾರೋ ಹೋಗೋ ಅನ್ನುವ ಹಾಗೆ ಬಾ ಲಾ, ಓಗು ಲಾ ಅನ್ನುತ್ತೇವಲ್ಲ, ಕನ್ನಡದ ಪ್ರತಿ ಮಾತಿನ ಕೊನೆಗೂ ‘ಲಾ’ ಹಚ್ಚಬೇಕು ಅಂತ ತಿಳಿದುಕೊಂಡರು. ಒಂದು ಸಂಜೆ ನಮ್ಮ ಅಪ್ಪ ಕಂಬಳಿ ಹೊದ್ದು ಶಾಲೆಯ ಮುಂದೆ ಹೋಗುತ್ತಿದ್ದರು. ಟೀಚ್ರಮ್ಮ ಎದ್ದು ನಿಂತು, ಎರಡೂ ಕೈ ಜೋಡಿಸಿ, ಬಹಳ ಮರ್ಯಾದೆಯಿಂದ ಕರೆದರು.

“ವಣಕ್ಕಂ. ಬಾ ಲಾ. ಕೂತ್ಕೊ ಲಾ. ಊಟ ಆಯ್ತಾ ಲಾ?”

ಅಪ್ಪ ಹಿಂದೆ ತಿರುಗಿ ನೋಡಿದರು, ಯಾರನ್ನು ಕರೆದದ್ದು ಅಂತ. ಯಾರೂ ಇರಲಿಲ್ಲ.

“ಏನ್ ಟೀಚ್ರಮ್ಮ, ನಮ್ಮವ್ವನೂ ನನ್ನ ಲಾ ಅನ್ನೋದ ಬಿಟ್ಟು ಇಪ್ಪತ್ತು ವರ್ಸ ಆಯ್ತು!”

ಅವರಿಗೆ ಅರ್ಥವಾಗಲಿಲ್ಲ, ನಕ್ಕರು. ಆಮೇಲೆ ಯಾರೋ ಹೇಳಿಕೊಟ್ಟಿರಬೇಕು. ಆದರೂ ಬಾಯಿಗೆ ಬಂದದ್ದು ಬಂದೇ ಹೋಯಿತು. ಊರಿನ ದೊಡ್ಡವರೆಲ್ಲ ಲಾ ಅನ್ನಿಸಿಕೊಂಡರು. ಕೊನೆಕೊನೆಗೆ ಯಾರಿಗಾದರೂ ಲಾ ಅನ್ನದಿದ್ದರೆ, ಟೀಚ್ರಮ್ಮನಿಗೆ ನನ್ನ ಮೇಲೆ ಕೋಪವೇನೋ ಅಂತ ಅವರೇ ಕೇಳುತ್ತಿದ್ದರು.

ಅಪ್ಪನಿಗೆ ನಗು ಬಂದದ್ದು ಅವತ್ತು ಮಾತ್ರ. ಅವರಿಗೆ ಈ ಶಾಲೆಯ ಮೇಲೆ ಸಿಟ್ಟಿತ್ತು. ನಾನೂ ಮತ್ತೆ ಕೂತಿದ್ದ ಒಂದನೇ ಕ್ಲಾಸಿನವರಿಗೆ ಟೀಚ್ರಮ್ಮ ತಮಿಳು ಶುರುವೇ ಮಾಡಿರಲಿಲ್ಲ. ಕಥೆ, ಲೆಕ್ಕ, ಹಾಡು ಎಲ್ಲ ತಮ್ಮ ಒಡಕು ಕನ್ನಡದಲ್ಲೇ. ಅಪ್ಪ ಹರೆಯದಲ್ಲಿ ಶಂಕಗಿರಿಗೆ ಹೋಗಿ ಲಾರಿ ಆಫೀಸಿನಲ್ಲಿ ಕೆಲಸ ಕೇಳಿದ್ದರಂತೆ. ಕೈಗೊಂದು ಚೀಟಿ ಕೊಟ್ಟು, ಇದರಲ್ಲಿ ಬರೆದಿರುವ ಗೋಡೌನಿಗೆ ಹೋಗು ಅಂದರು. ಓದಲು ಬರದೆ, ಕೇಳಲು ನಾಚಿಕೆಯಾಗಿ, ಚೀಟಿಯನ್ನು ಮಡಚಿ ಜೇಬಿಗಿಟ್ಟುಕೊಂಡು ಊರಿಗೆ ವಾಪಸ್ ಬಂದುಬಿಟ್ಟರು. ಆ ಚೀಟಿಯ ಮಾತನ್ನು ಅವರು ಹೇಳಿದ್ದು ಅವ್ವನಿಗೆ ಒಬ್ಬಳಿಗೆ, ಅವ್ವ ನನಗೆ.

ಹಾಗಾಗಿ ಅಪ್ಪ ಶಾಲೆಗೇ ಬಂದು ಕೇಳಿದರು. “ಮನೇಲಿ ಆಡೋ ಮಾತ್ಗೆ ಇಸ್ಕೂಲ್ ಯಾಕ್ ಬೇಕು ಟೀಚ್ರಮ್ಮ? ಬಸ್ಸಿನ ಬೋರ್ಡು ತಮಿಳು, ಆಫೀಸು ತಮಿಳು, ಆಸ್ಪತ್ರೆ ಚೀಟಿ ತಮಿಳು. ಈ ಉಡ್ಗಿ ಒಂದ್ ವರ್ಸ ಮೂಗಿ ಅಂಗೆ ಕೂತಿದ್ದು ಸಾಲ್ದಾ? ಶುರು ಮಾಡ್ರಮ್ಮ ತಮಿಳ!”

“ಬಾಯಿ ಮುಚ್ಚಿರೋ ಕೂಸ್ಗೆ ಎಂಗೆ ಊಟ ಆಕ್ತೀಯ ಲಾ?” ಅಂದರು ಟೀಚ್ರಮ್ಮ. “ಮೊದ್ಲು ಅದು ನಗ್ಲಿ. ಇಲ್ಲಿ, ಈ ರೂಮಲ್ಲಿ, ಜೋರಾಗಿ. ನಕ್ಕ ಮಾರ್ನೆ ದಿನ ತಮಿಳು ಶುರು.”

“ನಗ್ದೇ ಇದ್ರೆ?”

ಟೀಚ್ರಮ್ಮ ನಾಲಿಗೆ ತುದಿ ತುಟಿಗೆ ಒತ್ತಿಕೊಂಡು ಪದ ಹುಡುಕತೊಡಗಿದರು.

“ಇನ್ಸ್‌ಪೆಕ್ಟರ್ ಬರ್ತಾರಂತಲ್ಲ, ಮಾಸಿ ತಿಂಗ್ಳಲ್ಲಿ, ಶಿವರಾತ್ರಿ ಒತ್ಗೆ,” ಅಂದರು ಅಪ್ಪ. “ಅವ್ರ ಮುಂದೆ ನನ್ ಮಗ್ಳು ಒಂದೇ ಒಂದ್ ಮಾತು ತಮಿಳಲ್ಲಿ ಸರ್ಯಾಗಿ ಏಳ್ಲಿ, ಸಾಕು. ಇಲ್ಲಾಂದ್ರೆ ಮಾರ್ನೆ ದಿನ ಆಡಿನ್ ಇಂದೆ ಕಳಿಸ್ತೀನಿ. ನಂಗೂ ವಯಸ್ಸಾಯ್ತಾ ಬಂತು, ಮಲೆ ಅತ್ತೋಕೆ ಕಾಲು ಬತ್ತಾ ಇಲ್ಲ.”

ನಾನು ಗೋಡೆಗೆ ಆತು ನಿಂತು ಕೇಳಿಸಿಕೊಂಡೆ. ಆಡುಗಳೆಂದರೆ ನನಗೆ ಇಷ್ಟವೇ. ಆದರೂ ಆ ಕೋಣೆಯ ತಣ್ಣನೆ ನೆಲ, ಸೀಮೆಸುಣ್ಣದ ವಾಸನೆ, ತಪ್ಪು ಮಾತಾಡುವ ಆ ಹೆಂಗಸು ನನಗೆ ಬೇಕಾಗಿದ್ದರು. ಬೇಕು ಅಂತ ಹೇಳಲು ಬಾಯಿ ಇರಲಿಲ್ಲ, ಅಷ್ಟೇ.

ನಾನು ನಕ್ಕದ್ದು ಕತ್ತೆಯಿಂದ.

ತಮಿಳಿನ ತಲೈ ಕನ್ನಡದಲ್ಲಿ ತಲೆ, ಮಲೈ ಮಲೆ, ಯಾನೈ ಆನೆ. ಇದನ್ನು ಕಂಡುಕೊಂಡ ಟೀಚ್ರಮ್ಮನಿಗೆ ಖುಷಿಯೋ ಖುಷಿ. ತಮಿಳು ಪದದ ಕೊನೆಗೆ ‘ಎ’ ಬರಿಸಿದರೆ ಕನ್ನಡ ಆಯಿತು ಅಂತ ತೀರ್ಮಾನಿಸಿಬಿಟ್ಟರು. ಒಂದು ಮಧ್ಯಾಹ್ನ ಸೀಮೆಸುಣ್ಣ ತುಂಡು ಮಾಡಲು ಚಾಕು ಬೇಕಿತ್ತು. ತಮಿಳಿನಲ್ಲಿ ಅದು ಕತ್ತಿ. ಮೂರನೇ ಕ್ಲಾಸಿನ ಚಿನ್ನಿಯನ್ನು ಕರೆದು, “ಲೇ ಚಿನ್ನಿ, ಓಗಿ ಒಂದು ಕತ್ತೆ ತಗೊಂಡ್ ಬಾ. ಸಣ್ಣದು ಸಾಕು,” ಅಂದರು.

ಚಿನ್ನಿ ಹೋದಳು. ಹೋದವಳು ಎಷ್ಟು ಹೊತ್ತಾದರೂ ಬರಲಿಲ್ಲ. ನಾವು ಲೆಕ್ಕ ಮಾಡುತ್ತಿದ್ದೆವು, ಬಿಸಿಲು ಬಾಗಿಲಿನಿಂದ ಒಳಗೆ ಬಂದು ನನ್ನ ಕಾಲ ಮೇಲೆ ಮಲಗಿತ್ತು. ಆ ಬಿಸಿಲಿನ ಮೇಲೆ ಎರಡು ಉದ್ದ ಕಿವಿಗಳ ನೆರಳು ಬಂತು. ತಲೆ ಎತ್ತಿದರೆ ಬಾಗಿಲಲ್ಲಿ ಅಗಸರ ಮನೆಯ ಕತ್ತೆಮರಿ, ಅದರ ಹಿಂದೆ ಬೆವರು ಒರೆಸಿಕೊಳ್ಳುತ್ತಾ ಚಿನ್ನಿ.

“ಇದ್ಕಿಂತ ಸಣ್ದು ಇಲ್ವಂತೆ ಟೀಚ್ರಮ್ಮ.”

ಟೀಚ್ರಮ್ಮ ಕತ್ತೆಯನ್ನು ನೋಡಿದರು, ಕೈಯಲ್ಲಿದ್ದ ಸೀಮೆಸುಣ್ಣವನ್ನು ನೋಡಿದರು. ಕತ್ತೆಮರಿ ಮುಂದೆ ಬಂದು ಸೀಮೆಸುಣ್ಣವನ್ನು ಮೂಸಿತು. ಆಮೇಲೆ ಟೀಚ್ರಮ್ಮ ತಮ್ಮ ಕೆನ್ನೆಗೆ ತಾವೇ ಹೊಡೆದುಕೊಂಡರು ನೋಡಿ, ನನ್ನ ಹೊಟ್ಟೆಯ ಒಳಗಿಂದ ಏನೋ ಬಿಚ್ಚಿಕೊಂಡು ಮೇಲೆ ಬಂತು. ನನ್ನ ನಗು ನನಗೇ ಗುರುತು ಸಿಗಲಿಲ್ಲ. ಯಾರು ನಗುತ್ತಿದ್ದಾರೆ ಅಂತ ಸುತ್ತ ನೋಡಿದೆ.

ಟೀಚ್ರಮ್ಮ ನಗಲಿಲ್ಲ. ನನ್ನನ್ನೇ ನೋಡುತ್ತಾ, “ಮಾದಿ, ನಾಳೆಯಿಂದ,” ಅಂದರು.

ಮಾರನೇ ದಿನದಿಂದ ಶುರುವಾದದ್ದನ್ನು ಹೇಗೆ ಬರೆಯಲಿ? ನಮ್ಮ ಕಡೆಯ ಬಾಯಿಗೆ ‘ಹ’ ಬರುವುದಿಲ್ಲ. ಹಾಲು ನಮಗೆ ಆಲು, ಹೂವು ಊವು, ಹುಲಿ ಉಲಿ, ಹತ್ತು ಅತ್ತು. ಟೀಚ್ರಮ್ಮ ನನ್ನ ಮುಂದೆ ಕೂತು, ನನ್ನ ತುಟಿಯ ಮೇಲೆ ಬೆರಳಿಟ್ಟರು.

“ನಿನ್ ಮಾತಲ್ಲಿ ಮುಂದೆ ಒಂದು ಜಾಗ ಖಾಲಿ ಐತೆ, ಗೊತ್ತಾ? ಯಾರೋ ಎದ್ದೋಗಿದಾರೆ. ಅಲ್ಲಿ ಒಂದು ‘ಪ’ ಕೂರ್ಸು. ಆಲು?”

“ಪಾಲು,” ಅಂದೆ.

“ಊವು?”

“ಪೂವು.”

“ಉಲಿ?”

“ಪುಲಿ!”

ಪುಲಿ ನನಗೆ ಗೊತ್ತಿತ್ತು! ಕೆಳಗಿನ ಶಾಲೆಯ ನೀರಿನೊಳಗೆ ಎಷ್ಟೋ ಸಲ ಹತ್ತಿರ ಬಂದು ತಪ್ಪಿಸಿಕೊಂಡು ಹೋಗಿದ್ದ ಮೀನು ಅದು. ನಮ್ಮ ಉಲಿಯೇ ಅಂಗಿ ಹಾಕಿಕೊಂಡು ನಿಂತಿತ್ತು.

ಅವತ್ತು ಸಂಜೆ ಮನೆಗೆ ಹೋಗುವ ದಾರಿ ಇವತ್ತಿಗೂ ಕನಸಿನಲ್ಲಿ ಬರುತ್ತದೆ. ಮಲೆಯ ನೆರಳು ಉದ್ದಕ್ಕೆ ಬಿದ್ದಿದೆ, ಕುರಿಗಳು ಧೂಳೆಬ್ಬಿಸಿಕೊಂಡು ಬರುತ್ತಿವೆ, ಧೂಳಿನ ಪ್ರತಿ ಕಣಕ್ಕೂ ಸಂಜೆಯ ಬೆಳಕು ತಾಗಿದೆ. ನಾನು ಕಂಡದ್ದಕ್ಕೆಲ್ಲ ಪ ಕೂರಿಸುತ್ತಾ ನಡೆಯುತ್ತಿದ್ದೇನೆ. ಪ್ರತಿ ವಸ್ತುವೂ ಒಮ್ಮೆ ನಡುಗಿ ಎರಡಾಗುತ್ತದೆ, ಒಂದು ನಮ್ಮದು, ಪಕ್ಕದಲ್ಲೇ ಇನ್ನೊಂದು, ಅಕ್ಕ ತಂಗಿಯರ ಹಾಗೆ ಕೈ ಹಿಡಿದುಕೊಂಡು. ಮನೆಗೆ ಹೋಗಿ ಅವ್ವನನ್ನು ‘ಪವ್ವ’ ಅಂತ ಕರೆದೆ. ಅಡಿಗೆ ಆಯ್ತಾ ಅನ್ನುವುದಕ್ಕೆ ‘ಪಡಿಗೆ ಆಯ್ತಾ’ ಅಂದೆ. “ಈ ಉಡ್ಗಿಗೆ ಏನೋ ಗಾಳಿ ತಾಕೈತೆ,” ಅಂತ ಅಜ್ಜಿ ಮೆಣಸಿನಕಾಯಿ ನಿವಾಳಿಸಿದಳು.

ಎಲ್ಲಿ ಜಾಗ ನಿಜವಾಗಿ ಖಾಲಿ ಇದೆ, ಎಲ್ಲಿ ಯಾರೂ ಎದ್ದು ಹೋಗಿಲ್ಲ ಅಂತ ಗೊತ್ತಾಗುವುದು ಹೇಗೆ? ‘ಹ’ವನ್ನೇ ಕೇಳದ ಕಿವಿಗೆ ಹಾಲೂ ಒಂದೇ, ಆನೆಯೂ ಒಂದೇ. ಈ ಗಂಡಾಂತರ ಟೀಚ್ರಮ್ಮನಿಗೂ ಹೊಳೆದಿರಲಿಲ್ಲ.

ಮಾಸಿ ತಿಂಗಳಲ್ಲಿ ಇನ್ಸ್‌ಪೆಕ್ಟರು ಬಂದರು. ಬಿಳಿ ಪ್ಯಾಂಟು, ಪಂಪ್ ಹೊಡೆದು ತಂದ ಸೈಕಲ್ಲು. ಕೆಟ್ಟವರಲ್ಲ, ಬೆವರು ಒರೆಸಿಕೊಂಡು ನಮಗೆಲ್ಲ ಒಂದೊಂದು ಪೆಪ್ಪರ್‌ಮಿಂಟು ಕೊಟ್ಟರು. ಕಿಟಕಿಯಾಚೆ ಅಪ್ಪಂದಿರು ನಾಲ್ಕೈದು ಜನ. ನಮ್ಮ ಅಪ್ಪ ಎಲ್ಲರಿಗಿಂತ ಮುಂದೆ, ಕಂಬಿ ಹಿಡಿದುಕೊಂಡು.

ಇನ್ಸ್‌ಪೆಕ್ಟರು ಒಂದೊಂದೇ ಚಿತ್ರ ಎತ್ತಿ ಕೇಳುತ್ತಾ ಬಂದರು. ನನ್ನ ಸರದಿಗೆ ಬಂದ ಚಿತ್ರ ನೋಡಿ ನನಗೆ ಹಬ್ಬವಾಯಿತು. ಆಡು! ಗಡ್ಡದ ಸಮೇತ, ನಮ್ಮ ಮನೆಯ ಹೋತನ ಹಾಗೆ.

“ಇದು ಎನ್ನಮ್ಮಾ?” ಅಂದರು. ಇದೇನು ಅಂತ.

ಆಡಿಗೆ ತಮಿಳಿನಲ್ಲೂ ಆಡು ಅಂತಲೇ ಹೆಸರು. ನನ್ನ ಅವ್ವನ ಹೊಟ್ಟೆಯಿಂದ ತಂದ ಪದವನ್ನೇ ಹೇಳಿದ್ದರೆ ಮುಗಿದುಹೋಗುತ್ತಿತ್ತು. ಆದರೆ ನಾನೀಗ ಕಲಿತವಳು. ಖಾಲಿ ಜಾಗ ಹುಡುಕಿದೆ. ಪ ಕೂರಿಸಿದೆ. ಎದೆ ಉಬ್ಬಿಸಿ, ಕಿಟಕಿಯ ಕಡೆ ನೋಡಿ, ಊರಿಗೆಲ್ಲ ಕೇಳುವ ಹಾಗೆ ಕೂಗಿದೆ.

“ಪಾಡು!”

ಪಾಡು ಅಂದರೆ ತಮಿಳಿನಲ್ಲಿ ಹಾಡು ಅಂತ. ಅದೂ ಏಕವಚನದ ಅಪ್ಪಣೆ.

ಇನ್ಸ್‌ಪೆಕ್ಟರು ಕನ್ನಡಕ ತೆಗೆದರು. “ನಾನಾ? ನಾನ್ ಪಾಡಣುಮಾ?” ಅಂದರು. ನಾನು ಹಾಡಬೇಕಾ ಅಂತ.

ದೊಡ್ಡ ಮಕ್ಕಳು ಬಿದ್ದು ಬಿದ್ದು ನಕ್ಕರು. ಕಿಟಕಿಯಲ್ಲಿ ಅಪ್ಪನ ಮುಖ ಇರಲಿಲ್ಲ.

ಟೀಚ್ರಮ್ಮ ಎದ್ದು ಬಂದು ನನ್ನ ಪಕ್ಕ ನಿಂತರು. ತಮಿಳಿನಲ್ಲೇ ಮಾತಾಡಿದರು, ನನಗೆ ಅದರಲ್ಲಿ ಅರ್ಧ ಅರ್ಥವಾಯಿತು ಅನ್ನುವುದು ಆಮೇಲೆ ಹೊಳೆದ ವಿಷಯ. ಸಾರ್, ಈ ಮಗು ಹೋದ ವರ್ಷ ಬಾಯೇ ತೆರೆದಿರಲಿಲ್ಲ. ಈಗ ನಿಮ್ಮನ್ನೇ ಹಾಡು ಅನ್ನುತ್ತಿದೆ. ಯಾರೂ ಹೇಳಿಕೊಡದ ಪದವನ್ನು ತಾನೇ ಕಟ್ಟಿಕೊಂಡು ಬಂದಿದೆ. ತಪ್ಪು ನನ್ನದು, ನಾನು ಕೊಟ್ಟ ಸೂತ್ರ ಅರ್ಧದ್ದು. ಬರೆಯುವುದಾದರೆ ನನ್ನ ಹೆಸರಿಗೆ ಬರೆಯಿರಿ.

ಇನ್ಸ್‌ಪೆಕ್ಟರು ಕನ್ನಡಕ ಮತ್ತೆ ಹಾಕಿಕೊಂಡರು. “ಕೆಟ್ಟಿಕ್ಕಾರಿ,” ಅಂದರು, ಜಾಣೆ ಅಂತ. ಆಮೇಲೆ ರಿಜಿಸ್ಟರಿನಲ್ಲಿ ಬರೆದು, ಓದಿ ಹೇಳಿದರು: ಇನ್ನು ಮುಂದೆ ಒಂದನೇ ಕ್ಲಾಸಿಗೆ ಮೊದಲ ದಿನದಿಂದಲೇ ತಮಿಳು, ಬೋರ್ಡಿನ ಮೇಲೆ ಬೇರೆ ಮಾತು ಬೇಡ. ಹೊಗಳಿಕೆ, ಅಪ್ಪಣೆ ಎರಡನ್ನೂ ಒಂದೇ ದನಿಯಲ್ಲಿ ಹೇಳಿ, ಸೈಕಲ್ಲು ಹತ್ತಿ ಹೋದರು.

ನಮ್ಮ ಮಾತಿನ ಅಕ್ಷರ ನನಗೆ ಶಾಲೆಯಲ್ಲಿ ಸಿಗದೇ ಹೋದದ್ದು ಅವರೊಬ್ಬರ ತಪ್ಪು ಅಂತ ನಾನು ಹೇಳಲಾರೆ. ನಾನು ಮದುವೆಯಾಗಿ ಕೊಳ್ಳೇಗಾಲಕ್ಕೆ ಬಂದ ಮೇಲೆ, ಇಪ್ಪತ್ತಾರರ ವಯಸ್ಸಿನಲ್ಲಿ, ನನ್ನ ಮಗಳ ಒಂದನೇ ಕ್ಲಾಸಿನ ಪುಸ್ತಕದಲ್ಲಿ ಕನ್ನಡ ಅಕ್ಷರ ಕಲಿತೆ. ಈಗ ನೀವು ಓದುತ್ತಿರುವುದು ಅದನ್ನೇ. ಯಾವಾಗ ಶುರು ಮಾಡಬೇಕು ಅನ್ನುವುದಕ್ಕೆ ನನ್ನ ಹತ್ತಿರ ಎರಡು ಲೆಕ್ಕ ಇವೆ, ಆರಕ್ಕೆ ತಮಿಳಿನಲ್ಲಿ ಮೂಗಿಯಾದದ್ದು, ಇಪ್ಪತ್ತಾರಕ್ಕೆ ಕನ್ನಡದ ಅಕ್ಷರ ಕಲಿತದ್ದು. ಎರಡೂ ತಾಳೆಯಾಗುವುದಿಲ್ಲ.

ಇನ್ಸ್‌ಪೆಕ್ಟರು ಹೋದ ಮಾರನೇ ದಿನ ಅಪ್ಪ ಬೆಳಗ್ಗೆ ಮಂಜು ಇನ್ನೂ ನೆಲದ ಮೇಲಿರುವಾಗಲೇ ಎಬ್ಬಿಸಿದರು. ಕೈಗೆ ಕೋಲು ಕೊಟ್ಟರು. ಮಾತಿಗೆ ತಪ್ಪುವವರಲ್ಲ. ಆಡುಗಳು ಮಂಜಿನೊಳಗೆ ಒಂದೊಂದಾಗಿ ಇಳಿದವು, ನಾನು ಹಿಂದೆ. ಅಪ್ಪ ಮಲೆಯ ದಾರಿಯವರೆಗೆ ಜೊತೆಗೆ ಬಂದರು. ಕಡೆಗೆ ಅವರೇ ಕೇಳಿದರು.

“ಅಲ್ಲ ಮಗಾ, ಆಡು ಅಂದ್ರೆ ಆಡು. ಉಟ್ದಾಗಿಂದ ನೋಡಿದೀಯ. ಯಾಕಂಗಂದೆ?”

ಹೇಳಿದೆ. ಆಲು, ಪಾಲು. ಊವು, ಪೂವು. ಅತ್ತು, ಪತ್ತು. ಅಪ್ಪ ನಿಂತುಬಿಟ್ಟರು. ಸಂತೆ ಬೀದಿಯಲ್ಲಿ ಒಂದೊಂದೇ ಪದ ಹೆಕ್ಕಿಕೊಂಡು ತಮಿಳು ಕಲಿತ ಮನುಷ್ಯ.

“ಉಲಿ?” ಅಂದರು.

“ಪುಲಿ.”

“ಔದಲ್ಲ!” ಸ್ವಲ್ಪ ದೂರ ನಡೆದರು. ತಿರುಗಿ ಮಂಜಿನಲ್ಲಿ ಅರ್ಧ ಕಾಣುತ್ತಿದ್ದ ಮನೆಗಳ ಕಡೆ ಕೈ ಮಾಡಿದರು. “ಅಂಗಾದ್ರೆ ಅಳ್ಳಿ? ನಮ್ಮಳ್ಳಿ?”

“ಪಳ್ಳಿ,” ಅಂದೆ.

ಅಪ್ಪನ ತುಟಿ ಸದ್ದಿಲ್ಲದೆ ಆ ಪದವನ್ನು ಎರಡು ಸಲ ಆಡಿತು. ತಮಿಳಿನಲ್ಲಿ ಪಳ್ಳಿ ಅಂದರೆ ಶಾಲೆ.

“ನಮ್ಮಳ್ಳಿಗೆ ಒಂದು ಪ ಆಕಿದ್ರೆ ಇಸ್ಕೂಲ್ ಆಯ್ತದಾ?” ಅಂದರು. ಯಾರನ್ನು ಕೇಳಿದರೋ ಗೊತ್ತಿಲ್ಲ. ಕೋಲನ್ನು ನನ್ನ ಕೈಯಿಂದ ತೆಗೆದುಕೊಂಡರು. “ನಡಿ. ಆವಮ್ಮಂಗೂ ಇದು ಗೊತ್ತೈತಾ ಕೇಳ್ಬೇಕು.”

ಟೀಚ್ರಮ್ಮನಿಗೆ ಗೊತ್ತಿರಲಿಲ್ಲ. ಅವರು ಒಬ್ಬರೇ ಬೋರ್ಡು ಒರೆಸುತ್ತಿದ್ದರು. ಅಪ್ಪ ಹೊಸಲಿನಾಚೆಯೇ ನಿಂತು ಹೇಳಿದಾಗ, ನಾಲಿಗೆ ತುದಿ ತುಟಿಗೆ ಬಂತು, ಕಣ್ಣು ಸೂರಿಗೆ ಹೋಯಿತು. ಆಮೇಲೆ ತಮಿಳು ಅಕ್ಷರದಲ್ಲಿ ಬೋರ್ಡಿನ ಮೇಲೆ ಎರಡನ್ನೂ ಬರೆದರು, ಅಳ್ಳಿ, ಅದರ ಕೆಳಗೆ ಪಳ್ಳಿ. ಬೇರೆ ಮಾತು ಬರೆಯಬೇಡಿ ಅಂದು ಒಂದು ದಿನವೂ ಆಗಿರಲಿಲ್ಲ.

“ಇದ್ರಲ್ಲಿ ಪ ಯಾವ್ದು?” ಅಂದರು ಅಪ್ಪ.

ಟೀಚ್ರಮ್ಮ ತೋರಿಸಿದರು. ತಮಿಳಿನ ಪ ನೋಡಿದ್ದೀರಲ್ಲ, ಮೂರು ಗೆರೆ, ಮೇಲ್ಭಾಗ ತೆರೆದಿರುತ್ತದೆ.

“ರೊಪ್ಪ ಇದ್ದಂಗೈತೆ,” ಅಂದರು ಅಪ್ಪ. “ಮೂರ್ ಕಡೆ ಬೇಲಿ. ಮುಂದ್ಗಡೆ ಬಾಗ್ಲೇ ಇಲ್ಲ, ಮರಿ ಓಡೋಗಲ್ವಾ?”

ಟೀಚ್ರಮ್ಮ ಸೀಮೆಸುಣ್ಣ ಚಾಚಿದರು. ಅಪ್ಪ ಕೈಯನ್ನು ಕಂಬಳಿಗೆ ಒರೆಸಿಕೊಂಡರು, ಚಪ್ಪಲಿ ಬಿಟ್ಟರು, ಹೊಸಲು ದಾಟಿ ಒಳಗೆ ಬಂದರು. ಆವತ್ತು ಮಧ್ಯಾಹ್ನದವರೆಗೆ ನನ್ನ ಪಕ್ಕ ನೆಲದ ಮೇಲೆ ಕೂತು, ಬೇಲಿ ಹಾಕುವವರ ಹಾಗೆ ಒತ್ತಿ ಒತ್ತಿ, ಮೂರು ಗೆರೆ ಎಳೆಯುತ್ತಿದ್ದರು.

ಆಡುಗಳನ್ನು ಯಾರು ಮೇಯಿಸಿಕೊಂಡು ಬಂದರೋ, ನನಗೆ ನೆನಪಿಲ್ಲ.